ಆಂಡ್ರಾಯ್ಡ್ ಆ್ಯಪ್‌ನಲ್ಲಿ ಹೆಡ್‌ಫೋನ್ ಹಾಕಿದ್ದು, ಕಿತ್ತಿದ್ದು ಸರಿಯಾಗಿ ತಿಳಿಯೋದು ಹೇಗೆ?

ಕಥಾಕಿವಿ

ಕಥೆ, ಪಾಡ್‌ಕಾಸ್ಟ್ ಕೇಳಿಸುವ ಆ್ಯಪ್. ಕೋಟ್ಲಿನ್, ಮಿನಿಮಮ್ ಎಸ್‌ಡಿಕೆ 24, ಟಾರ್ಗೆಟ್ 34. ಮಾತಿನ ವೇಗ ಬದಲಿಸಲು ಬೇರೆ ಲೈಬ್ರರಿ ಬಳಸುವುದರಿಂದ ಎಕ್ಸೊಪ್ಲೇಯರ್ (ಸಿದ್ಧ ಪ್ಲೇಯರ್ ಲೈಬ್ರರಿ) ಇಲ್ಲ, ನೇರವಾಗಿ ಆಡಿಯೊಟ್ರ್ಯಾಕ್‌ಗೆ (ಶಬ್ದದ ಡೇಟಾ ಪ್ಲೇ ಮಾಡುವ ಆಂಡ್ರಾಯ್ಡ್ ಕ್ಲಾಸ್) ಬರೆಯುತ್ತೇವೆ. 44,100 ಹರ್ಟ್ಸ್, ಸ್ಟೀರಿಯೊ, 16 ಬಿಟ್, ಬಫರ್ 88,200 ಬೈಟ್.

ಹೆಡ್‌ಫೋನ್ ಕಿತ್ತರೆ ಪ್ಲೇ ನಿಲ್ಲಬೇಕು. ಹಾಕಿದರೆ ಪರದೆ ಮೇಲೆ ಐಕಾನ್ ಬರಬೇಕು, ಹೆಡ್‌ಫೋನ್‌ಗೆಂದೇ ಇಟ್ಟ ಈಕ್ವಲೈಸರ್ ಸೆಟ್ಟಿಂಗ್ ಜಾರಿಯಾಗಬೇಕು. ಸಾಧ್ಯವಾದರೆ, ಆ್ಯಪ್ ಮುಚ್ಚಿದ್ದಾಗ ಹೆಡ್‌ಫೋನ್ ಹಾಕಿದರೂ ಬಿಟ್ಟ ಜಾಗದಿಂದ ಕಥೆ ಶುರುವಾಗಬೇಕು.

ಈಗಿನ ಸ್ಥಿತಿ ಹೀಗಿದೆ. ಹೆಡ್‌ಫೋನ್ ಹಾಕಿದಾಗ, ಕಿತ್ತಾಗ ಸಿಸ್ಟಂ ಎಲ್ಲ ಆ್ಯಪ್‌ಗಳಿಗೂ ಸಾರುವ ಸುದ್ದಿ (ಬ್ರಾಡ್‌ಕಾಸ್ಟ್) ಆಕ್ಷನ್ ಹೆಡ್‌ಸೆಟ್ ಪ್ಲಗ್; ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ವಿವರದ ಫೈಲ್) ಅದನ್ನು ಕೇಳುವ ರಿಸೀವರ್ ಬರೆದರೆ ಅದು ಓಡುವುದೇ ಇಲ್ಲ. ಅದನ್ನೇ ಕೋಡ್‌ನಲ್ಲಿ ರಿಜಿಸ್ಟರ್ ಮಾಡಿದರೆ ಓಡುತ್ತದೆ, ಆದರೆ ಯಾರೂ ಏನನ್ನೂ ಮುಟ್ಟದಿದ್ದರೂ ಆ್ಯಪ್ ತೆರೆದ ಕೂಡಲೇ ಒಂದು ಈವೆಂಟ್ ಬಂದು ಬೀಳುತ್ತದೆ. ಬ್ಲೂಟೂತ್ ಇಯರ್‌ಬಡ್ ಇದರ ಲೆಕ್ಕಕ್ಕೇ ಬರುವುದಿಲ್ಲ. ಕಿತ್ತಾಗ ಪ್ಲೇ ನಿಲ್ಲುತ್ತದೆ ನಿಜ, ಆದರೆ ನಿಲ್ಲುವ ಮುಂಚೆ ಒಂದು ಕ್ಷಣ ಸ್ಪೀಕರ್‌ನಲ್ಲಿ ಜೋರಾಗಿ ಕೇಳಿಸುತ್ತದೆ. ಬಸ್ಸಿನಲ್ಲಿ ಕೂತು ಕೇಳುವವರಿಗೆ ಇದು ತುಂಬ ಮುಜುಗರದ ವಿಷಯ, ಮೊದಲು ಸರಿಯಾಗಬೇಕಾದದ್ದೂ ಇದೇ.

ಬೈಟ್_ಬಸವ

ನೀವು ಒಂದೇ ಬ್ರಾಡ್‌ಕಾಸ್ಟ್‌ನಿಂದ ಮೂರು ಬೇರೆ ಬೇರೆ ಕೆಲಸ ಮಾಡಿಸಲು ಹೊರಟಿದ್ದೀರಿ. 'ಈಗ ಸ್ಪೀಕರ್‌ನಲ್ಲಿ ಒದರುತ್ತದೆ, ನಿಲ್ಲಿಸು' ಎನ್ನುವುದು ಒಂದು. 'ಯಾವ ಸಾಧನಗಳು ಜೋಡಿಯಾಗಿವೆ' ಎನ್ನುವುದು ಇನ್ನೊಂದು. 'ನನ್ನ ಶಬ್ದ ಈಗ ಎಲ್ಲಿಂದ ಹೊರಡುತ್ತಿದೆ' ಎನ್ನುವುದು ಮತ್ತೊಂದು. ಮೂರಕ್ಕೂ ಆಂಡ್ರಾಯ್ಡ್ ಬೇರೆ ಬೇರೆ ಎಪಿಐ ಕೊಟ್ಟಿದೆ. ನಾನು ಮೊದಲನೆಯದನ್ನು ಹೇಳುತ್ತೇನೆ.

ಪ್ಲೇ ನಿಲ್ಲಿಸಲು ಹೆಡ್‌ಸೆಟ್ ಪ್ಲಗ್ ಬೇಡ, ಆಡಿಯೊ ಬಿಕಮಿಂಗ್ ನಾಯ್ಸಿ ಬಳಸಿ. ಶಬ್ದದ ದಾರಿ ಸ್ಪೀಕರ್‌ಗೆ ತಿರುಗುವ ಮುಂಚೆಯೇ ಸಿಸ್ಟಂ ಇದನ್ನು ಕಳಿಸುತ್ತದೆ. ಏನಾದರೂ ಪ್ಲೇ ಆಗುತ್ತಿದ್ದರೆ, ಆ್ಯಪ್ ನಿಲ್ಲಿಸಿಕೊಳ್ಳಲಿ ಎಂದು ಆಡಿಯೊ ಸರ್ವೀಸ್ ದಾರಿ ಬದಲಿಸುವುದನ್ನು ಸುಮಾರು 1 ಸೆಕೆಂಡ್ ತಡೆದು ಹಿಡಿಯುತ್ತದೆ. ಕಿತ್ತಾಗಿನ ಹೆಡ್‌ಸೆಟ್ ಪ್ಲಗ್ ಬರುವುದು ಈ ತಡೆ ಮುಗಿದು ದಾರಿ ಬದಲಾಗುವ ಹೊತ್ತಿಗೆ. ಅದನ್ನು ಕಾದರೆ ಸ್ಪೀಕರ್ ಒದರಿಯೇ ಒದರುತ್ತದೆ. ಬ್ಲೂಟೂತ್ ಎ2ಡಿಪಿ (ಸಂಗೀತ, ಕಥೆಯ ಶಬ್ದ ಸಾಗಿಸುವ ಸಂಪರ್ಕ) ಕಡಿದಾಗಲೂ ನಾಯ್ಸಿ ಬರುತ್ತದೆ, ಹಾಗಾಗಿ ತಂತಿಯದು, ತಂತಿ ಇಲ್ಲದ್ದು ಎರಡಕ್ಕೂ ಈ ಒಂದೇ ರಿಸೀವರ್ ಸಾಕು. ಹಾಕಿದಾಗ ಮಾತ್ರ ಇದು ಬರುವುದಿಲ್ಲ, ಅದು ಇದರ ಕೆಲಸವೂ ಅಲ್ಲ.

ಪ್ಲೇ ಶುರುವಾದಾಗ ರಿಜಿಸ್ಟರ್ ಮಾಡಿ, ನಿಂತಾಗ ತೆಗೆಯಿರಿ. ಆಕ್ಟಿವಿಟಿಯಲ್ಲಿ ಇಡಬೇಡಿ, ಪ್ಲೇಬ್ಯಾಕ್ ಸರ್ವೀಸ್‌ನಲ್ಲೇ ಇರಲಿ. ಪರದೆ ಆರಿ ಆಕ್ಟಿವಿಟಿ ಹೋದ ಮೇಲೂ ಕಥೆ ಓಡುತ್ತಿರುತ್ತದಲ್ಲ.

ಟಾರ್ಗೆಟ್ 34, ಅಂದರೆ ಆಂಡ್ರಾಯ್ಡ್ 14, ಎಂದಿದ್ದೀರಿ, ಅಲ್ಲೊಂದು ಗುಂಡಿ ಇದೆ. ಆಂಡ್ರಾಯ್ಡ್ 14ರಿಂದ ಕೋಡ್‌ನಲ್ಲಿ ರಿಜಿಸ್ಟರ್ ಮಾಡುವ ರಿಸೀವರ್‌ಗೆ ಎಕ್ಸ್‌ಪೋರ್ಟೆಡ್ (ಬೇರೆ ಆ್ಯಪ್ ಕಳಿಸಿದ್ದೂ ಬರಲಿ) ಅಥವಾ ನಾಟ್ ಎಕ್ಸ್‌ಪೋರ್ಟೆಡ್ (ಬೇಡ) ಫ್ಲ್ಯಾಗ್ ಕೊಡಬೇಕು. ಸಿಸ್ಟಂ ಬ್ರಾಡ್‌ಕಾಸ್ಟ್ ಮಾತ್ರ ಕೇಳುವ ರಿಸೀವರ್‌ಗೆ ವಿನಾಯಿತಿ ಇದೆ, ಆದ್ದರಿಂದ ನಾಯ್ಸಿಗೆ ಫ್ಲ್ಯಾಗ್ ಇಲ್ಲದೆಯೂ ನಡೆಯುತ್ತದೆ. ಆದರೆ ಅದೇ ಇಂಟೆಂಟ್ ಫಿಲ್ಟರ್‌ಗೆ ನೋಟಿಫಿಕೇಶನ್‌ನ ಪ್ಲೇ, ಪಾಸ್ ಬಟನ್‌ಗೆ ನೀವೇ ಮಾಡಿಕೊಂಡ ಆಕ್ಷನ್ ಸೇರಿಸಿದಿರೋ, ವಿನಾಯಿತಿ ಹೋಯಿತು, ಸೆಕ್ಯುರಿಟಿ ಎಕ್ಸೆಪ್ಶನ್ ಬಂದು ಆ್ಯಪ್ ಕುಸಿಯುತ್ತದೆ. ಕಾಂಟೆಕ್ಸ್ಟ್‌ಕಾಂಪ್ಯಾಟ್ ಮೂಲಕ ನಾಟ್ ಎಕ್ಸ್‌ಪೋರ್ಟೆಡ್ ಕೊಟ್ಟುಬಿಡಿ. ಸಿಸ್ಟಂ ಕಳಿಸುವುದು ಹಾಗೆ ಕೊಟ್ಟರೂ ತಲುಪುತ್ತದೆ.

ನಿಮ್ಮ ಇನ್ನೆರಡು ಸಂಶಯಗಳಿಗೆ ಉತ್ತರ ಚಿಕ್ಕದು. ಹೆಡ್‌ಸೆಟ್ ಪ್ಲಗ್ ಅನ್ನು ಸಿಸ್ಟಂ 'ಕೋಡ್‌ನಲ್ಲಿ ರಿಜಿಸ್ಟರ್ ಆದವರಿಗೆ ಮಾತ್ರ' ಎಂಬ ಫ್ಲ್ಯಾಗ್ ಹಾಕಿಯೇ ಕಳಿಸುತ್ತದೆ, ಮ್ಯಾನಿಫೆಸ್ಟ್‌ಗೆ ಯಾವ ಆವೃತ್ತಿಯಲ್ಲೂ ಬರುವುದಿಲ್ಲ. ಮತ್ತೆ ಅದು ಸ್ಟಿಕ್ಕಿ ಬ್ರಾಡ್‌ಕಾಸ್ಟ್. ರಿಜಿಸ್ಟರ್ ಮಾಡಿದ ತಕ್ಷಣ ಕೊನೆಯ ಸ್ಥಿತಿಯನ್ನು ಕೈಗೆ ಕೊಡುತ್ತದೆ. ಈಸ್ ಇನಿಶಿಯಲ್ ಸ್ಟಿಕ್ಕಿ ಬ್ರಾಡ್‌ಕಾಸ್ಟ್ ನಿಜ ಎಂದಿದ್ದರೆ ಅದು ಹಳೆಯ ಸುದ್ದಿ, ಈವೆಂಟ್ ಎಂದು ಎಣಿಸಬೇಡಿ.

ಮಲ್ನಾಡ್_ಡೆವ್

ಬಸವಣ್ಣ ಹೇಳಿದ್ದಕ್ಕೆ ಮುಂದಿನ ಭಾಗ ಸೇರಿಸ್ತೀನಿ. ಐಕಾನ್‌ಗೆ ಆಡಿಯೊಡಿವೈಸ್‌ಕಾಲ್‌ಬ್ಯಾಕ್ ಬಳಸಿ. ಎಪಿಐ 23ರಿಂದ ಇದೆ, ನಿಮ್ಮ ಮಿನಿಮಮ್ 24 ಆದ್ದರಿಂದ ಹಳೆಯ ದಾರಿ ಬೇಕಾಗಲ್ಲ. ಆಡಿಯೊಮ್ಯಾನೇಜರ್‌ನ ರಿಜಿಸ್ಟರ್ ಆಡಿಯೊ ಡಿವೈಸ್ ಕಾಲ್‌ಬ್ಯಾಕ್‌ಗೆ ಕಾಲ್‌ಬ್ಯಾಕ್, ಹ್ಯಾಂಡ್ಲರ್ ಎರಡು ಕೊಡ್ತೀರಿ. ಹ್ಯಾಂಡ್ಲರ್ ಜಾಗದಲ್ಲಿ ನಲ್ ಕೊಟ್ಟರೆ ಮೇನ್ ಥ್ರೆಡ್‌ನಲ್ಲಿ ಬರುತ್ತೆ. ಪರ್ಮಿಶನ್ ಏನೂ ಬೇಡ.

ಇಲ್ಲೂ ಸ್ಟಿಕ್ಕಿಯಂಥದೇ ನಡವಳಿಕೆ ಇದೆ: ರಿಜಿಸ್ಟರ್ ಮಾಡಿದ ಕೂಡಲೇ ಆಗಲೇ ಇರುವ ಸಾಧನಗಳನ್ನೆಲ್ಲ 'ಆ್ಯಡೆಡ್' ಎಂದು ಒಮ್ಮೆ ಕಳಿಸುತ್ತೆ. ಆದ್ದರಿಂದ ಆ್ಯಡೆಡ್, ರಿಮೂವ್ಡ್ ಎಂದು ಬೇರೆ ಬೇರೆ ಎಣಿಕೆ ಇಟ್ಟುಕೊಳ್ಳಬೇಡಿ. ಯಾವುದು ಬಂದರೂ ಗೆಟ್ ಡಿವೈಸಸ್ ಕರೆದು ಔಟ್‌ಪುಟ್ ಪಟ್ಟಿಯನ್ನು ಹೊಸದಾಗಿ ತೆಗೆದುಕೊಂಡು, ಅದರಲ್ಲಿ ಹೆಡ್‌ಫೋನ್ ಜಾತಿಯದು ಇದೆಯಾ ಅಂತ ನೋಡಿ. ಹಿಂದಿನ ಉತ್ತರಕ್ಕಿಂತ ಬೇರೆಯಾದರೆ ಮಾತ್ರ ಐಕಾನ್ ಬದಲಿಸಿ.

ನೋಡಬೇಕಾದ ಟೈಪ್‌ಗಳು: ವೈರ್ಡ್ ಹೆಡ್‌ಸೆಟ್ 3 (ಮೈಕ್ ಇರುವುದು), ವೈರ್ಡ್ ಹೆಡ್‌ಫೋನ್ಸ್ 4 (ಮೈಕ್ ಇಲ್ಲದ್ದು), ಬ್ಲೂಟೂತ್ ಎ2ಡಿಪಿ 8, ಯುಎಸ್‌ಬಿ ಡಿವೈಸ್ 11, ಯುಎಸ್‌ಬಿ ಹೆಡ್‌ಸೆಟ್ 22, ಹಿಯರಿಂಗ್ ಏಡ್ 23, ಬಿಎಲ್‌ಇ ಹೆಡ್‌ಸೆಟ್ 26. ಇದರಲ್ಲಿ 22 ಬಂದದ್ದು ಎಪಿಐ 26ರಲ್ಲಿ, 23 ಬಂದದ್ದು 28ರಲ್ಲಿ, 26 ಬಂದದ್ದು 31ರಲ್ಲಿ. ಸಂಖ್ಯೆ ಹೋಲಿಸುವುದಷ್ಟೇ ಆದ್ದರಿಂದ ಹಳೆಯ ಫೋನ್‌ನಲ್ಲಿ ಏನೂ ಒಡೆಯಲ್ಲ. ಶ್ರವಣ ಸಾಧನವನ್ನು ದಯವಿಟ್ಟು ಬಿಡಬೇಡಿ. ಕಥೆ ಕೇಳುವ ಆ್ಯಪ್‌ಗೆ ಅದನ್ನು ಹಾಕಿಕೊಂಡವರು ಬಂದೇ ಬರ್ತಾರೆ, ಬಹಳ ಆ್ಯಪ್‌ಗಳ ಪಟ್ಟಿಯಲ್ಲಿ ಅದೊಂದೇ ಕಾಣೆಯಾಗಿರುತ್ತೆ.

ಒಂದು ಬ್ಲೂಟೂತ್ ಹೆಡ್‌ಸೆಟ್ ಜೋಡಿಸಿದರೆ ಪಟ್ಟಿಯಲ್ಲಿ ಎರಡು ಸಾಲು ಬರಬಹುದು, ಎ2ಡಿಪಿ ಒಂದು, ಫೋನ್ ಕರೆಗಿರುವ ಎಸ್‌ಸಿಒ (ಟೈಪ್ 7) ಒಂದು. ಎರಡಕ್ಕೂ ಒಂದೇ ಪ್ರಾಡಕ್ಟ್ ನೇಮ್. ಕಥೆ, ಸಂಗೀತಕ್ಕೆ 7 ಅನ್ನು ಲೆಕ್ಕಕ್ಕೆ ತಗೋಬೇಡಿ. ಗೆಟ್ ಐಡಿ ಕೊಡುವ ಸಂಖ್ಯೆಯನ್ನು ಎಲ್ಲೂ ಉಳಿಸಿಡಬೇಡಿ, ಅದೇ ಹೆಡ್‌ಫೋನ್ ಕಿತ್ತು ಮತ್ತೆ ಹಾಕಿದರೂ ಹೊಸ ಐಡಿ ಬರುತ್ತೆ.

ಈಗ ತೊಡಕಿನ ವಿಷಯ. ಎ2ಡಿಪಿ ಅಂದರೆ ಹೆಡ್‌ಫೋನ್ ಅಂತ ಅರ್ಥ ಅಲ್ಲ. ಅಡುಗೆಮನೆಯ ಬ್ಲೂಟೂತ್ ಸ್ಪೀಕರ್ರೂ 8, ಕಾರಿನ ಸ್ಟೀರಿಯೊನೂ 8. ಬ್ಲೂಟೂತ್‌ನ ಹೊಸ ಬಗೆಯಾದ ಎಲ್‌ಇ ಆಡಿಯೊದಲ್ಲಿ ಮಾತ್ರ ಹೆಡ್‌ಸೆಟ್ 26, ಸ್ಪೀಕರ್ 27 ಅಂತ ಬೇರೆ ಮಾಡಿದ್ದಾರೆ. ಎ2ಡಿಪಿಯಲ್ಲಿ ಬೇರ್ಪಡಿಸಲೇಬೇಕು ಅಂದರೆ ಬ್ಲೂಟೂತ್ ಡಿವೈಸ್‌ನ ಬ್ಲೂಟೂತ್ ಕ್ಲಾಸ್ ಓದಬೇಕು. ಹೆಡ್‌ಫೋನ್ಸ್ 1048, ವೇರಬಲ್ ಹೆಡ್‌ಸೆಟ್ 1028, ಲೌಡ್‌ಸ್ಪೀಕರ್ 1044, ಕಾರ್ ಆಡಿಯೊ 1056. ಇದಕ್ಕೆ ಆಂಡ್ರಾಯ್ಡ್ 12ರಿಂದ ಬ್ಲೂಟೂತ್ ಕನೆಕ್ಟ್ ಪರ್ಮಿಶನ್ ಅನ್ನು ಬಳಕೆದಾರರ ಹತ್ತಿರ ಕೇಳಬೇಕು. ಕೇಳಿ ಪಡೆದರೂ ಅಗ್ಗದ ಸಾಧನಗಳು ತಮ್ಮ ಕ್ಲಾಸ್ ತಪ್ಪಾಗಿ ಹೇಳೋದು ಸಾಮಾನ್ಯ. ಒಂದು ಐಕಾನ್‌ಗೋಸ್ಕರ 'ಹತ್ತಿರದ ಸಾಧನಗಳು' ಅನ್ನೋ ಪರ್ಮಿಶನ್ ಡೈಲಾಗ್ ಮುಂದಿಡೋದು ನನ್ನ ಲೆಕ್ಕದಲ್ಲಿ ಸರಿಯಲ್ಲ. ತಂತಿಯದಕ್ಕೆ ಹೆಡ್‌ಫೋನ್ ಐಕಾನ್, 8 ಬಂದರೆ ಬ್ಲೂಟೂತ್ ಐಕಾನ್ ಜೊತೆಗೆ ಪ್ರಾಡಕ್ಟ್ ನೇಮ್ ತೋರಿಸಿ. ಕೇಳುವವರಿಗೆ ತಮ್ಮದು ಯಾವುದು ಅಂತ ಗೊತ್ತಿರುತ್ತೆ.

ಈಕ್ವಲೈಸರ್‌ಗೆ ಈ ಪಟ್ಟಿ ಸಾಲದು. ಸ್ಪೀಕರ್, ಇಯರ್‌ಪೀಸ್ ಅದರಲ್ಲಿ ಇದ್ದೇ ಇರುತ್ತವೆ, ಡಾಂಗಲ್ ಮತ್ತು ಬ್ಲೂಟೂತ್ ಎರಡೂ ಇದ್ದರೆ ಯಾವುದರಲ್ಲಿ ಶಬ್ದ ಬರ್ತಿದೆ ಅಂತ ಅದು ಹೇಳಲ್ಲ. ಆಡಿಯೊಟ್ರ್ಯಾಕ್‌ಗೇ ಆ್ಯಡ್ ಆನ್ ರೂಟಿಂಗ್ ಚೇಂಜ್ಡ್ ಲಿಸನರ್ ಹಾಕಿ (ಎಪಿಐ 24), ಬಂದಾಗ ಗೆಟ್ ರೂಟೆಡ್ ಡಿವೈಸ್ ಕೇಳಿ, ಅದರ ಟೈಪ್ ನೋಡಿ ಈಕ್ವಲೈಸರ್ ಬದಲಿಸಿ. ಪ್ಲೇ ಆಗದೇ ಇದ್ದಾಗ ಅದು ನಲ್ ಕೊಡುತ್ತೆ. ನಲ್ ಬಂತು ಅಂತ ಸ್ಪೀಕರ್ ಸೆಟ್ಟಿಂಗ್‌ಗೆ ಹೋಗಬೇಡಿ, ಹಿಂದಿನದನ್ನೇ ಉಳಿಸಿಕೊಳ್ಳಿ.

ಕಥಾಕಿವಿ

ತುಂಬ ಉಪಕಾರ ಆಯ್ತು. ನಾಯ್ಸಿ ಹಾಕಿದೆ, ಆಡಿಯೊಡಿವೈಸ್‌ಕಾಲ್‌ಬ್ಯಾಕ್ ಹಾಕಿದೆ, ಐಕಾನ್ ಸರಿಹೋಯಿತು. ಉಳಿದದ್ದು ಮೂರು.

ಸ್ಪೀಕರ್ ಸದ್ದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ವಾಕ್ಯದ ಬಾಲ ಇನ್ನೂ ಕೇಳಿಸುತ್ತದೆ. ನಾಯ್ಸಿ ಬಂದಾಗ 800 ಮಿಲಿಸೆಕೆಂಡ್ ಫೇಡ್ ಮಾಡಿ ಆಮೇಲೆ ಸ್ಟಾಪ್ ಕರೆಯುತ್ತೇವೆ.

ಯುಎಸ್‌ಬಿ ಸಿ ಇಂದ 3.5 ಎಂಎಂಗೆ ಹೋಗುವ ಡಾಂಗಲ್ ಮಾತ್ರ ಚುಚ್ಚಿದರೂ, ಅದಕ್ಕೆ ಹೆಡ್‌ಫೋನ್ ಹಾಕದಿದ್ದರೂ, ಐಕಾನ್ ಬರುತ್ತದೆ. ಇನ್ನೊಂದು ಡಾಂಗಲ್‌ನಲ್ಲಿ ಹೀಗಾಗುವುದಿಲ್ಲ.

3.5 ಎಂಎಂ ಜಾಕ್ ಇರುವ ಫೋನ್‌ನಲ್ಲಿ ಮೈಕ್ ಇರುವ ಇಯರ್‌ಫೋನ್ ಹಾಕಿದರೂ ಕೆಲವೊಮ್ಮೆ ಟೈಪ್ 4 ಬರುತ್ತದೆ, ಕೆಲವೊಮ್ಮೆ 4 ಬಂದು ಹೋಗಿ 3 ಬರುತ್ತದೆ.

ಬೈಟ್_ಬಸವ

ಮೊದಲನೆಯದಕ್ಕೆ ನಿಮ್ಮ ಅಂಕಿಗಳಲ್ಲೇ ಉತ್ತರ ಇದೆ. 44,100 × 2 ಚಾನೆಲ್ × 2 ಬೈಟ್ ಅಂದರೆ ಸೆಕೆಂಡಿಗೆ 1,76,400 ಬೈಟ್. ನಿಮ್ಮ 88,200 ಬೈಟ್ ಬಫರ್ ಸರಿಯಾಗಿ ಅರ್ಧ ಸೆಕೆಂಡಿನದು. ಸ್ಟ್ರೀಮ್ ಮೋಡ್‌ನಲ್ಲಿ ಸ್ಟಾಪ್ ಕರೆದರೆ ಆಡಿಯೊಟ್ರ್ಯಾಕ್ ತಕ್ಷಣ ನಿಲ್ಲುವುದಿಲ್ಲ, ಬಫರ್‌ನಲ್ಲಿ ಬರೆದದ್ದನ್ನೆಲ್ಲ ಮುಗಿಸಿಯೇ ನಿಲ್ಲುತ್ತದೆ. ಫೇಡ್‌ನ 800, ಬಫರ್‌ನ 500, ಒಟ್ಟು 1,300 ಮಿಲಿಸೆಕೆಂಡ್. ಸಿಸ್ಟಂ ತಡೆದು ಹಿಡಿಯುವುದು ಸುಮಾರು 1,000. ಉಳಿದ 300 ಸ್ಪೀಕರ್‌ನಲ್ಲಿ ಬರುತ್ತಿದೆ. ಫೇಡ್ ಮಾಡಿದ ಸ್ಯಾಂಪಲ್‌ಗಳೂ ಆ ಅರ್ಧ ಸೆಕೆಂಡಿನ ಹಿಂದೆ ಸರದಿಯಲ್ಲಿ ನಿಂತಿರುವುದರಿಂದ ಸದ್ದು ತಗ್ಗುವುದೂ ತಡವಾಗಿಯೇ.

ನಾಯ್ಸಿಗೆ ಫೇಡ್ ಬೇಡವೇ ಬೇಡ. ಬಳಕೆದಾರರು ಪಾಸ್ ಒತ್ತಿದಾಗ ಫೇಡ್ ಚೆನ್ನಾಗಿರುತ್ತದೆ, ತಂತಿ ಕಿತ್ತಾಗ ಅದನ್ನು ಕೇಳುವ ಕಿವಿಯೇ ಅಲ್ಲಿಲ್ಲ. ರಿಸೀವರ್ ಒಳಗೆ ಮೊದಲ ಸಾಲಿನಲ್ಲೇ ಆಡಿಯೊಟ್ರ್ಯಾಕ್‌ನ ಪಾಸ್ ಕರೆಯಿರಿ. ಪಾಸ್ ತಕ್ಷಣ ನಿಲ್ಲಿಸುತ್ತದೆ, ಬಫರ್‌ನಲ್ಲಿ ಉಳಿದದ್ದನ್ನು ಎಸೆಯುವುದೂ ಇಲ್ಲ. ಮತ್ತೆ ಪ್ಲೇ ಕರೆದರೆ ಅದೇ ಪದದಿಂದ ಮುಂದುವರಿಯುತ್ತದೆ. ಬೇರೆ ಅಧ್ಯಾಯಕ್ಕೆ ಹಾರುವಾಗ ಮಾತ್ರ ಅದರ ಹಿಂದೆ ಫ್ಲಶ್. ಫ್ಲಶ್ ಕರೆದರೆ ಪ್ಲೇಬ್ಯಾಕ್ ಹೆಡ್ ಪೊಸಿಶನ್ ಸೊನ್ನೆಯಾಗುತ್ತದೆ, ಅದಕ್ಕೂ ಮುಂಚೆ ಓದಿಟ್ಟುಕೊಳ್ಳಿ. ನಿಮ್ಮ ಲೈಬ್ರರಿ ವೇಗ ಹೆಚ್ಚಿಸಿ ಬರೆಯುವುದರಿಂದ ಆ ಫ್ರೇಮ್ ಎಣಿಕೆ ಮೂಲ ಕಥೆಯ ಸಮಯ ಅಲ್ಲ. 1.5 ವೇಗದಲ್ಲಿದ್ದರೆ 1.5ರಿಂದ ಗುಣಿಸಬೇಕು.

ಡೇಟಾಬೇಸ್‌ಗೆ ಸ್ಥಾನ ಬರೆಯುವುದು, ನೋಟಿಫಿಕೇಶನ್ ಬದಲಿಸುವುದು ಎಲ್ಲ ಪಾಸ್ ಆದ ಮೇಲೆ. ರಿಸೀವರ್ ಓಡುವುದು ಮೇನ್ ಥ್ರೆಡ್‌ನಲ್ಲಿ. ಅಲ್ಲಿ ದೊಡ್ಡ ಚಿತ್ರ ಡಿಕೋಡ್ ಆಗುತ್ತಿದ್ದರೆ ನಿಮ್ಮ ಸರದಿ ಬರುವ ಹೊತ್ತಿಗೆ ಆ ಒಂದು ಸೆಕೆಂಡ್ ಮುಗಿದಿರುತ್ತದೆ. ರಿಜಿಸ್ಟರ್ ರಿಸೀವರ್‌ಗೆ ಬೇರೆ ಹ್ಯಾಂಡ್ಲರ್ ಕೊಡುವ ರೂಪವೂ ಇದೆ, ಪ್ಲೇಬ್ಯಾಕ್ ಥ್ರೆಡ್‌ನದ್ದು ಕೊಟ್ಟರೆ ಈ ಚಿಂತೆ ಇಲ್ಲ. ಆ ಒಂದು ಸೆಕೆಂಡ್ ಕೂಡ ಬರೆದುಕೊಟ್ಟ ಮಾತಲ್ಲ, ಅದನ್ನು ನೆಚ್ಚಿ ಯಾವ ಲೆಕ್ಕವನ್ನೂ ಹಾಕಬೇಡಿ.

ಎಕ್ಸೊಪ್ಲೇಯರ್ ಬಳಸುವವರು ಇದನ್ನು ಓದುತ್ತಿದ್ದರೆ: ನಿಮಗೆ ಸೆಟ್ ಹ್ಯಾಂಡಲ್ ಆಡಿಯೊ ಬಿಕಮಿಂಗ್ ನಾಯ್ಸಿಗೆ ಟ್ರೂ ಕೊಟ್ಟರೆ ಮುಗಿಯಿತು.

ಸರ್ಕ್ಯೂಟ್_ಶಾಸ್ತ್ರಿ

ಡಾಂಗಲ್ ಮತ್ತು ಮೈಕ್‌ನ ಪ್ರಶ್ನೆಗೆ ಉತ್ತರ ಸಾಫ್ಟ್‌ವೇರ್‌ನಲ್ಲಿಲ್ಲ, ತಂತಿಯಲ್ಲಿದೆ.

ಯುಎಸ್‌ಬಿ ಸಿ ಡಾಂಗಲ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಚಿಪ್ ಇಲ್ಲ. ಏನು ಚುಚ್ಚಿದೆ ಎಂದು ಫೋನ್‌ಗೆ ತಿಳಿಸುವ ಸಿಸಿ1, ಸಿಸಿ2 ಎರಡೂ ಪಿನ್‌ಗಳನ್ನು ಸಣ್ಣ ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಕಟ್ಟಿರುತ್ತಾರೆ, ಫೋನ್ ಅದನ್ನು ಕಂಡು ಡೇಟಾ ಪಿನ್‌ಗಳಲ್ಲೇ ಅನಲಾಗ್ ಶಬ್ದ ಕಳಿಸುತ್ತದೆ. ಆಂಡ್ರಾಯ್ಡ್‌ಗೆ ಇದು ಮಾಮೂಲಿ ತಂತಿಯ ಹೆಡ್‌ಫೋನ್, ಟೈಪ್ 3 ಅಥವಾ 4. ಫೋನ್‌ಗೆ ಈ ಅನಲಾಗ್ ವ್ಯವಸ್ಥೆ ಇಲ್ಲದಿದ್ದರೆ ಶಬ್ದವೂ ಇಲ್ಲ, ಈವೆಂಟ್ ಕೂಡ ಇಲ್ಲ. 'ಹೆಡ್‌ಫೋನ್ ಗುರುತಿಸುತ್ತಿಲ್ಲ' ಎಂದು ರಿವ್ಯೂನಲ್ಲಿ ದೂರು ಬಂದರೆ ಮೊದಲು ಯಾವ ಡಾಂಗಲ್ ಎಂದು ಕೇಳಿ.

ಇನ್ನೊಂದು ಜಾತಿಯಲ್ಲಿ ಡ್ಯಾಕ್ ಚಿಪ್ (ಡಿಜಿಟಲ್ ಶಬ್ದವನ್ನು ಅನಲಾಗ್ ಮಾಡುವುದು) ಇರುತ್ತದೆ, ಅದು ಸ್ವತಃ ಯುಎಸ್‌ಬಿ ಆಡಿಯೊ ಸಾಧನ. ಚುಚ್ಚಿದ ಕೂಡಲೇ 22 ಅಥವಾ 11 ಎಂದು ಪಟ್ಟಿಗೆ ಸೇರುತ್ತದೆ. ಅದರ ಇನ್ನೊಂದು ತುದಿಯಲ್ಲಿ ಹೆಡ್‌ಫೋನ್ ಇದೆಯೋ ಇಲ್ಲವೋ ಎಂಬುದನ್ನು ಎಷ್ಟೋ ಡಾಂಗಲ್‌ಗಳು ಫೋನ್‌ಗೆ ತಿಳಿಸುವುದೇ ಇಲ್ಲ. ನೀವು ನೋಡುತ್ತಿರುವುದು ಇದನ್ನೇ. ಇದರಿಂದ ಇನ್ನೊಂದು ಪರಿಣಾಮ ಇದೆ: ಕೇಳುಗರು ಡಾಂಗಲ್ ಬಿಟ್ಟು ಹೆಡ್‌ಫೋನ್ ಮಾತ್ರ ಕಿತ್ತರೆ ನಾಯ್ಸಿ ಬರುವುದಿಲ್ಲ. ಸ್ಪೀಕರ್ ಒದರುವುದಿಲ್ಲ, ಆದರೆ ಕಥೆ ಖಾಲಿ ಡಾಂಗಲ್‌ನೊಳಗೆ ಓಡುತ್ತಲೇ ಇರುತ್ತದೆ. ಆ್ಯಪ್‌ನಿಂದ ಇದನ್ನು ಹಿಡಿಯಲಾಗದು. 11 ಮತ್ತು 22ಕ್ಕೆ 'ಯುಎಸ್‌ಬಿ ಆಡಿಯೊ' ಎಂದು ಬರೆದರೆ ಕನಿಷ್ಠ ತಪ್ಪು ಹೇಳಿದಂತಾಗುವುದಿಲ್ಲ. ಕೇಳಿದ ಸ್ಥಾನಗಳ ಇತಿಹಾಸ ಇಟ್ಟು, ಹಿಂದಕ್ಕೆ ಹೋಗುವ ಬಟನ್ ಕೊಡಿ. ಇಂಥ ಕಡೆ ಅದು ನಿಜಕ್ಕೂ ಬೇಕಾಗುತ್ತದೆ.

ಮೈಕ್‌ನ ವಿಷಯ. ನಾಲ್ಕು ಪಟ್ಟೆಯ 3.5 ಎಂಎಂ ಪ್ಲಗ್‌ನಲ್ಲಿ ತುದಿ ಎಡ ಕಿವಿ, ಅದರ ಹಿಂದಿನದು ಬಲ ಕಿವಿ, ಮೂರನೆಯದು ಗ್ರೌಂಡ್, ಬುಡದ್ದು ಮೈಕ್. ಇದು ಸಿಟಿಐಎ ಕ್ರಮ, ಹಳೆಯ ಒಎಂಟಿಪಿ ಕ್ರಮದಲ್ಲಿ ಕೊನೆಯ ಎರಡು ಅದಲುಬದಲು. ಮೂರು ಪಟ್ಟೆಯ ಪ್ಲಗ್‌ನಲ್ಲಿ ಬುಡವೆಲ್ಲ ಗ್ರೌಂಡ್. ಫೋನ್ ಬುಡದ ಸಂಪರ್ಕಕ್ಕೆ ವೋಲ್ಟೇಜ್ ಕೊಟ್ಟು ರೆಸಿಸ್ಟೆನ್ಸ್ ಅಳೆಯುತ್ತದೆ. ಆಂಡ್ರಾಯ್ಡ್‌ನ ವಿವರಣೆಯ ಪ್ರಕಾರ ಮೈಕ್ 1,000 ಓಮ್ ಅಥವಾ ಹೆಚ್ಚು ಇರಬೇಕು. ಸೊನ್ನೆಗೆ ಹತ್ತಿರ ಬಂದರೆ ಮೂರು ಪಟ್ಟೆ, ಮೈಕ್ ಇಲ್ಲ ಎಂದು ತೀರ್ಮಾನ.

ಪ್ಲಗ್ ನಿಧಾನವಾಗಿ ಒಳಗೆ ಜಾರುವಾಗ ಅರ್ಧ ದಾರಿಯಲ್ಲೇ ಈ ಅಳತೆ ನಡೆದರೆ ಮೈಕ್‌ನ ಸಂಪರ್ಕ ಬೇರೆ ಪಟ್ಟೆಯ ಮೇಲಿರುತ್ತದೆ, ಆಗ ಟೈಪ್ 4. ಪೂರ್ತಿ ಕೂತ ಮೇಲೆ ಮತ್ತೆ ಅಳೆಯುವ ಫೋನ್ 4 ಅನ್ನು ತೆಗೆದು 3 ಸೇರಿಸುತ್ತದೆ, ಮತ್ತೆ ಅಳೆಯದ ಫೋನ್ 4ರಲ್ಲೇ ಉಳಿಯುತ್ತದೆ. ಇಯರ್‌ಫೋನ್‌ನ ಪ್ಲೇ ಬಟನ್ ಅದುಮಿಕೊಂಡೇ ಚುಚ್ಚಿದರೂ ಹೀಗೇ ಆಗುತ್ತದೆ. ಆ ಬಟನ್ ಮೈಕ್ ತಂತಿಯನ್ನು 70 ಓಮ್‌ಗಿಂತ ಕಡಿಮೆಯಲ್ಲಿ ಗ್ರೌಂಡ್‌ಗೆ ಸೇರಿಸುತ್ತದೆ, ಫೋನ್‌ಗೆ ಅದು ಮೂರು ಪಟ್ಟೆಯ ಪ್ಲಗ್‌ನ ಹಾಗೇ ಕಾಣುತ್ತದೆ. ವಾಲ್ಯೂಮ್ ಹೆಚ್ಚಿಸುವ ಬಟನ್ 210ರಿಂದ 290 ಓಮ್, ತಗ್ಗಿಸುವುದು 360ರಿಂದ 680. ಜಾಕ್‌ನಲ್ಲಿ ಧೂಳು ಕೂತು ಸಂಪರ್ಕ ಕೆಟ್ಟರೆ ಈ ಅಳತೆಗಳು ಜಾರಿ, ಯಾರೂ ಒತ್ತದೆ ವಾಲ್ಯೂಮ್ ಬದಲಾಗುವುದೂ ಉಂಟು.

ನಿಮ್ಮ ಆ್ಯಪ್‌ಗೆ ಮೈಕ್ ಬೇಡ, ಆದ್ದರಿಂದ 3, 4 ಎರಡನ್ನೂ ಒಂದೇ ಎಂದು ನೋಡಿ. ಐಕಾನ್ ಬದಲಿಸುವ ಮುಂಚೆ 300 ಮಿಲಿಸೆಕೆಂಡ್ ಕಾದರೆ 4 ಬಂದು 3 ಆಗುವ ಮಿನುಗು ಬಹುಮಟ್ಟಿಗೆ ಕಾಣುವುದಿಲ್ಲ. ಈ ಕಾಯುವಿಕೆ ಐಕಾನ್‌ಗೆ ಮಾತ್ರ, ನಾಯ್ಸಿಗೆ ಒಂದು ಮಿಲಿಸೆಕೆಂಡೂ ಕಾಯಬೇಡಿ.

ಮಲ್ನಾಡ್_ಡೆವ್

ಆ್ಯಪ್ ಮುಚ್ಚಿದ್ದಾಗ ತಾನಾಗಿ ಶುರುವಾಗೋದರ ಬಗ್ಗೆ ಯಾರೂ ಹೇಳಲಿಲ್ಲ. ತಂತಿಯ ಹೆಡ್‌ಫೋನ್‌ಗೆ ಅದು ಆಗಲ್ಲ. ಹೆಡ್‌ಸೆಟ್ ಪ್ಲಗ್ ಮ್ಯಾನಿಫೆಸ್ಟ್‌ಗೆ ಬರಲ್ಲ, ಕೋಡ್ ಓಡ್ತಾ ಇರಬೇಕು ಅಂದರೆ ಸದಾ ಫೋರ್‌ಗ್ರೌಂಡ್ ಸರ್ವೀಸ್ (ನೋಟಿಫಿಕೇಶನ್ ತೋರಿಸುತ್ತ ಓಡುವ ಸರ್ವೀಸ್) ಬೇಕು, ಅದು ಬ್ಯಾಟರಿಗೂ ಬಳಕೆದಾರರಿಗೂ ಅನ್ಯಾಯ. ಬ್ಲೂಟೂತ್‌ಗೆ ದಾರಿ ಇದೆ: ಮ್ಯಾನಿಫೆಸ್ಟ್ ರಿಸೀವರ್‌ಗಳ ಮೇಲೆ ಆಂಡ್ರಾಯ್ಡ್ 8 ತಂದ ನಿರ್ಬಂಧದಿಂದ ಎಸಿಎಲ್ ಕನೆಕ್ಟೆಡ್ ಬ್ರಾಡ್‌ಕಾಸ್ಟ್‌ಗೆ ವಿನಾಯಿತಿ ಇದೆ, ಮ್ಯಾನಿಫೆಸ್ಟ್‌ನಲ್ಲಿ ಬರೆಯಬಹುದು. ಆಂಡ್ರಾಯ್ಡ್ 12ರಿಂದ ಹಿನ್ನೆಲೆಯಲ್ಲಿ ಫೋರ್‌ಗ್ರೌಂಡ್ ಸರ್ವೀಸ್ ಶುರು ಮಾಡೋಕೆ ತಡೆ ಇದೆ, ಬ್ಲೂಟೂತ್ ಕನೆಕ್ಟ್ ಪರ್ಮಿಶನ್ ಬೇಕಾದ ಬ್ರಾಡ್‌ಕಾಸ್ಟ್ ಬಂದಾಗ ಅದಕ್ಕೂ ವಿನಾಯಿತಿ. ಆದರೆ ಎಸಿಎಲ್ ಅಂದರೆ ರೇಡಿಯೊ ಸಂಪರ್ಕ ಅಷ್ಟೇ, ಎ2ಡಿಪಿ ಆಮೇಲೆ ಜೋಡಿಯಾಗುತ್ತೆ. ಎಸಿಎಲ್ ಬಂದ ಕೂಡಲೇ ಪ್ಲೇ ಮಾಡಿದರೆ ಕಥೆ ಸ್ಪೀಕರ್‌ನಲ್ಲೇ ಶುರುವಾಗುತ್ತೆ. ಪಟ್ಟಿಯಲ್ಲಿ 8 ಬರೋವರೆಗೂ ಕಾಯಬೇಕು.

ಇಷ್ಟೆಲ್ಲ ಇದ್ದರೂ, ಮಾಡಬೇಡಿ ಅಂತಲೇ ನನ್ನ ಸಲಹೆ. ಇಯರ್‌ಬಡ್ ಹಾಕಿಕೊಂಡವರು ಫೋನ್ ಮಾಡೋಕೆ ಹೊರಟಿರಬಹುದು. ಮೀಡಿಯಾ3 ಲೈಬ್ರರಿಯ ಮೀಡಿಯಾ ಸೆಶನ್ ಸರ್ವೀಸ್ ಜೊತೆ ಮೀಡಿಯಾ ಬಟನ್ ರಿಸೀವರ್ ಇಟ್ಟು, ಆನ್ ಪ್ಲೇಬ್ಯಾಕ್ ರಿಸಂಪ್ಶನ್‌ನಲ್ಲಿ ಕೊನೆಯ ಕಥೆ, ಸ್ಥಾನ ಕೊಡಿ. ಹೆಡ್‌ಫೋನ್‌ನ ಬಟನ್ ಒತ್ತಿದರೆ ಮುಚ್ಚಿದ ಆ್ಯಪ್ ಎದ್ದು ಬಿಟ್ಟ ಜಾಗದಿಂದ ಶುರು ಮಾಡುತ್ತೆ. ತಂತಿಯದಕ್ಕೂ ಇದು ನಡೆಯುತ್ತೆ, ಪರ್ಮಿಶನ್ನೂ ಬೇಡ. ನಿಮ್ಮದೇ ಪ್ಲೇಯರ್ ಆದ್ದರಿಂದ ಸಿಂಪಲ್ ಬೇಸ್ ಪ್ಲೇಯರ್ ಕ್ಲಾಸ್‌ನಿಂದ ಸುತ್ತಿ ಸೆಶನ್‌ಗೆ ಕೊಡಬಹುದು.

ಟೆಸ್ಟಿಂಗ್_ತಾರಾ

ಐಫೋನ್ ಆವೃತ್ತಿ ಮಾಡುವವರಿಗೆ ಎರಡು ಮಾತು: ಅಲ್ಲಿ ಎಲ್ಲವೂ ಎವಿಆಡಿಯೊಸೆಶನ್‌ನ ರೂಟ್ ಚೇಂಜ್ ನೋಟಿಫಿಕೇಶನ್ ಒಂದರಲ್ಲೇ ಬರುತ್ತದೆ. ಕಾರಣ 1 ಅಂದರೆ ಹೊಸ ಸಾಧನ, 2 ಅಂದರೆ ಹಳೆಯದು ಹೋಯಿತು. 2 ಬಂದಾಗ ಹಿಂದಿನ ರೂಟ್ ನೋಡಿ, ಅದರಲ್ಲಿ ಹೆಡ್‌ಫೋನ್ಸ್ ಅಥವಾ ಬ್ಲೂಟೂತ್ ಎ2ಡಿಪಿ ಇತ್ತಾದರೆ ನಿಲ್ಲಿಸಿ. ಇದು ಮೇನ್ ಥ್ರೆಡ್‌ನಲ್ಲಿ ಬರುವುದಿಲ್ಲ, ಪರದೆ ಬದಲಿಸುವುದನ್ನು ಮೇನ್‌ಗೆ ದಾಟಿಸಿ. ಎವಿಪ್ಲೇಯರ್ ತಾನೇ ನಿಲ್ಲುತ್ತದೆ, ಎವಿಆಡಿಯೊಎಂಜಿನ್ ಬಳಸಿದರೆ ನೀವೇ ನಿಲ್ಲಿಸಬೇಕು.

ಇನ್ನು ಆಂಡ್ರಾಯ್ಡ್ ಪರೀಕ್ಷೆ. ಎಡಿಬಿಯಲ್ಲಿ (ಕಂಪ್ಯೂಟರ್‌ನಿಂದ ಫೋನ್‌ಗೆ ಆಜ್ಞೆ ಕೊಡುವ ಸಾಧನ) ಎಎಂ ಬ್ರಾಡ್‌ಕಾಸ್ಟ್ ಆಜ್ಞೆಯಿಂದ ಹೆಡ್‌ಸೆಟ್ ಪ್ಲಗ್ ಅಥವಾ ನಾಯ್ಸಿ ಕಳಿಸಲು ಹೋಗಬೇಡಿ, ಅವು ಸಿಸ್ಟಂಗೆ ಮೀಸಲು, ಮಾಮೂಲಿ ಫೋನ್‌ನಲ್ಲಿ ಸೆಕ್ಯುರಿಟಿ ಎಕ್ಸೆಪ್ಶನ್ ಬರುತ್ತದೆ. ಎಮ್ಯುಲೇಟರ್‌ನ ಎಕ್ಸ್‌ಟೆಂಡೆಡ್ ಕಂಟ್ರೋಲ್ಸ್‌ನಲ್ಲಿ ಮೈಕ್ರೊಫೋನ್ ಪುಟ ತೆರೆದರೆ ಹೆಡ್‌ಸೆಟ್ ಚುಚ್ಚಿದಂತೆ ಮಾಡುವ ಸ್ವಿಚ್, ಅದಕ್ಕೆ ಮೈಕ್ ಇದೆ ಎನ್ನುವ ಸ್ವಿಚ್ ಎರಡೂ ಇವೆ. ಐಕಾನ್ ಮತ್ತು 3, 4ರ ತರ್ಕಕ್ಕೆ ಅಷ್ಟು ಸಾಕು. ಸ್ಪೀಕರ್ ಬಾಲವನ್ನು ಮಾತ್ರ ನಿಜವಾದ ಫೋನ್‌ನಲ್ಲೇ ನೋಡಿ. ಕಥೆಯ ಬದಲು ಒಂದೇ ಸಮನೆ ಬರುವ 1,000 ಹರ್ಟ್ಸ್ ಸದ್ದು ಪ್ಲೇ ಮಾಡಿ ಕಿತ್ತುಹಾಕಿ. ಮಾತಿನ ನಡುವೆ ಮೌನ ಇರುವುದರಿಂದ ಸಣ್ಣ ಬಾಲ ತಪ್ಪಿಸಿಕೊಳ್ಳುತ್ತದೆ, ಈ ಸದ್ದಿನಲ್ಲಿ ತಪ್ಪಿಸಿಕೊಳ್ಳುವುದಿಲ್ಲ. ತಂತಿ, ಚಿಪ್ ಇರುವ ಡಾಂಗಲ್, ಚಿಪ್ ಇಲ್ಲದ ಡಾಂಗಲ್, ಬ್ಲೂಟೂತ್ ನಾಲ್ಕರಲ್ಲೂ ಮಾಡಿ. ಬ್ಲೂಟೂತ್‌ನಲ್ಲಿ ಮೂರು ರೀತಿ ಕಡಿಯಿರಿ: ಇಯರ್‌ಬಡ್ ಡಬ್ಬಿಗೆ ಹಾಕಿ, ಫೋನ್‌ನ ಬ್ಲೂಟೂತ್ ಆಫ್ ಮಾಡಿ, ಆಮೇಲೆ ಫೋನ್ ಅಲ್ಲೇ ಬಿಟ್ಟು ಇಯರ್‌ಬಡ್ ಜೊತೆ ದೂರ ನಡೆದು. ಕೊನೆಯದರಲ್ಲಿ ಸಂಪರ್ಕ ಹೋಯಿತೆಂದು ಫೋನ್‌ಗೆ ಗೊತ್ತಾಗಲು ಹೊತ್ತು ಹಿಡಿಯುತ್ತದೆ, ಅಲ್ಲಿಯವರೆಗೆ ನಾಯ್ಸಿ ಬರುವುದಿಲ್ಲ, ಕಥೆ ಮುಂದೆ ಹೋಗುತ್ತಿರುತ್ತದೆ. ಅದನ್ನು ಬಗ್ ಎಂದು ದಾಖಲಿಸಬೇಡಿ. ಪ್ರತಿ ಹಂತದಲ್ಲೂ ಎಡಿಬಿ ಶೆಲ್‌ನ ಡಂಪ್‌ಸಿಸ್ ಆಡಿಯೊ ತೆಗೆದಿಟ್ಟುಕೊಂಡರೆ ಆಗ ಯಾವ ಸಾಧನ ಜೋಡಿಯಾಗಿತ್ತು ಎಂಬುದು ಅದರಲ್ಲಿ ಸಿಗುತ್ತದೆ.